ಪುಕ್ಕಟೆ ಹಂಚಿ ಹೋದ ನನ್ನ ಕಸೂತಿ ಪುಸ್ತಕ: ಏಳು ತಿಂಗಳ ಓಡಾಟ

ಕಳೆದ ವಾರ ನನ್ನ ಕಸೂತಿ ಪುಸ್ತಕದ ಕಾಪಿರೈಟ್ ನೋಂದಣಿ ಪತ್ರ ಇಮೇಲ್‌ಗೆ ಬಂತು. ಆಗಸ್ಟ್‌ನಲ್ಲಿ ಶುರುವಾದ ಓಡಾಟ ಮಾರ್ಚ್‌ನಲ್ಲಿ ಮುಗಿಯಿತು. ಮೊದಲೇ ಯಾರಾದರೂ ಹೇಳಿದ್ದರೆ ಎಷ್ಟು ಚೆನ್ನಾಗಿತ್ತು ಅನ್ನಿಸಿದ ವಿಷಯ ಬಹಳ ಇವೆ. ಕೈಕೆಲಸ ನಂಬಿ ಬದುಕುವವರು, ಅದರಲ್ಲೂ ಮನೆಯಲ್ಲೇ ಕೂತು ದುಡಿಯುವ ಹೆಣ್ಣುಮಕ್ಕಳು, ನನ್ನ ಹಾಗೆ ದಿಕ್ಕು ತೋಚದೆ ಕೂರಬಾರದು ಅಂತ ಇದನ್ನು ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ. ಪುರುಸೊತ್ತು ಮಾಡಿಕೊಂಡು ಓದಿ.

ನಾನು ಧಾರವಾಡದವಳು. ಕಸೂತಿ ಕಲಿತದ್ದು ಸೋದರತ್ತೆಯ ಹತ್ತಿರ, ನನ್ನ 12ನೇ ವಯಸ್ಸಿನಲ್ಲಿ. ಗವಂತಿ, ಮುರ್ಗಿ, ನೇಗಿ, ಮೆಂತೆ ಅಂತ ನಾಲ್ಕು ಹೊಲಿಗೆ. ಬಟ್ಟೆಯ ಮೇಲೆ ಪೆನ್ಸಿಲ್‌ನಿಂದ ಚಿತ್ರ ಬರೆದುಕೊಳ್ಳುವ ಹಾಗಿಲ್ಲ. ಎಳೆ ಎಣಿಸಿಯೇ ಹಾಕಬೇಕು. ಗಂಟು ಹಾಕುವ ಹಾಗೂ ಇಲ್ಲ. ಗವಂತಿ, ಮುರ್ಗಿ ಹಾಕಿದರೆ ಬಟ್ಟೆಯ ಹಿಂದೆ ಮುಂದೆ ಒಂದೇ ಥರ ಕಾಣಬೇಕು. ಅತ್ತೆ ನಾನು ಹಾಕಿದ್ದನ್ನು ಮೊದಲು ತಿರುವಿ ನೋಡುತ್ತಿದ್ದರು. ಹಿಂದಿನದು ಸರಿ ಇದ್ದರೆ ಮಾತ್ರ ಮುಂದಿನದನ್ನು ನೋಡುತ್ತಿದ್ದರು.

ಈಗ ನನ್ನ ಸಂಸಾರ ನಡೆಯುವುದು ಇದರ ಮೇಲೆಯೇ. ಬ್ಲೌಸ್, ಸೀರೆ, ದುಪಟ್ಟಾ ಆರ್ಡರ್ ಹಿಡಿಯುತ್ತೇನೆ. ನಮ್ಮ ಓಣಿಯ ಏಳು ಹೆಣ್ಣುಮಕ್ಕಳು ನನ್ನ ಜೊತೆ ಹೊಲಿಯುತ್ತಾರೆ. ಅವರಿಗೆ ಪೀಸ್ ಲೆಕ್ಕದಲ್ಲಿ ಕೂಲಿ. ಶನಿವಾರ, ಭಾನುವಾರ ಕ್ಲಾಸ್ ಇರುತ್ತದೆ. ಇದರ ಜೊತೆಗೆ ಎರಡು ವರ್ಷ ಕೂತು ಒಂದು ಪುಸ್ತಕ ಮಾಡಿದ್ದೆ. 24 ಚಿತ್ರಗಳು, ಚೌಕಳಿ ಹಾಳೆಯ ಮೇಲೆ. ಗೋಪುರ, ತೇರು, ಆನೆ, ನವಿಲು, ತುಳಸಿ ಕಟ್ಟೆ, ತೊಟ್ಟಿಲು, ಕಮಲ. ಪಿಡಿಎಫ್‌ಗೆ 299 ರೂಪಾಯಿ ಇಟ್ಟಿದ್ದೆ.

ಪುಸ್ತಕದಲ್ಲಿ ನಾನು ಮಾಡಿದ್ದ ಮುಖ್ಯ ಕೆಲಸ ಏನು ಅಂತ ಇಲ್ಲೇ ಹೇಳಿಬಿಡುತ್ತೇನೆ, ಮುಂದೆ ಎಲ್ಲ ಅದರ ಮೇಲೆಯೇ ನಿಂತಿತು. ಗವಂತಿಯಲ್ಲಿ ಸೂಜಿ ಹೋಗುವಾಗ ಒಂದು ಹೊಲಿಗೆ ಹಾಕಿ ಒಂದು ಜಾಗ ಬಿಡುತ್ತೇವೆ. ವಾಪಸ್ ಬರುವಾಗ ಬಿಟ್ಟ ಜಾಗ ತುಂಬುತ್ತೇವೆ. ಸಾದಾ ಗೆರೆಗೆ ಇದು ಸುಲಭ. ಆದರೆ ಗೋಪುರಕ್ಕೆ ಬಾಗಿಲು, ಕಿಟಕಿ, ಕಳಸ ಅಂತ ಕವಲುಗಳು ಇರುತ್ತವೆ. ಯಾವ ಕವಲಿಗೆ ಯಾವಾಗ ಒಳಗೆ ಹೋಗಿ ಹೊರಗೆ ಬರಬೇಕು ಅನ್ನುವುದು ತಪ್ಪಿದರೆ ಸೂಜಿ ನಡುವೆ ಸಿಕ್ಕಿಕೊಳ್ಳುತ್ತದೆ, ಹಿಂದೆ ದಾರ ಅಡ್ಡ ಬೀಳುತ್ತದೆ. ಅತ್ತೆಗೆ ಆ ಹಾದಿ ಕೈಯಲ್ಲೇ ಇತ್ತು. ಬಾಯಲ್ಲಿ ಹೇಳಲು ಬರುತ್ತಿರಲಿಲ್ಲ. ನಾನು ಪ್ರತಿ ಚಿತ್ರಕ್ಕೂ ಆ ಹಾದಿಯನ್ನು ಬಾಣ, ಅಂಕಿ ಹಾಕಿ ಬರೆದೆ. 1, 2, 3 ಅಂತ ಹಿಡಿದುಕೊಂಡು ಹೋದರೆ ಹೊಸಬರಿಗೂ ಬರುತ್ತದೆ. ಒಂದು ತೇರಿನ ಹಾದಿ ಬಿಡಿಸಲು ಹದಿನೈದು ದಿನ ಹಿಡಿದದ್ದಿದೆ. ಹಾಕುವುದು, ಬಿಚ್ಚುವುದು, ಮತ್ತೆ ಹಾಕುವುದು.

ಆಗಸ್ಟ್‌ನಲ್ಲಿ ಒಂದು ಸಂಜೆ ನವಲಗುಂದ ಕಡೆಯ ನನ್ನ ವಿದ್ಯಾರ್ಥಿನಿ ವಾಟ್ಸ್ಆ್ಯಪ್‌ನಲ್ಲಿ ಒಂದು ಲಿಂಕ್ ಕಳಿಸಿ ಫೋನ್ ಮಾಡಿದಳು. "ಅಕ್ಕಾರ, ನಿಮ್ಮ ಪುಸ್ತಕ ಈಗ ಪುಕ್ಕಟೆ ಕೊಡಾಕ ಹತ್ತೀರೇನ್ರಿ? ನಾ ರೊಕ್ಕಾ ಕೊಟ್ಟು ತಗೊಂಡಿದ್ನಲ್ರೀ." ಅವಳ ದನಿಯಲ್ಲಿ ಬೇಜಾರಿತ್ತು. ನಾನೇ ಮೋಸ ಮಾಡಿದೆ ಅಂದುಕೊಂಡಿದ್ದಳು.

ಲಿಂಕ್ ತೆರೆದರೆ ಒಂದು ವಿಡಿಯೊ. ನನ್ನ ಪುಸ್ತಕದ ಪುಟಗಳು ಒಂದೊಂದಾಗಿ ಬರುತ್ತಿದ್ದವು, ಹಿಂದೆ ವೀಣೆಯ ಸಂಗೀತ. ಮೇಲೆ ನನ್ನ ಹೆಸರಿದ್ದ ಪಟ್ಟಿಯನ್ನು ಕತ್ತರಿಸಿದ್ದರು. ಕೆಳಗೆ 'ಉಚಿತ ಕಸೂತಿ ಡಿಸೈನ್ ಪುಸ್ತಕ' ಅಂತ ಬರೆದು, ಒಂದು ಮೆಸೇಜ್ ಆಪ್‌ನ ಚಾನೆಲ್‌ಗೆ ದಾರಿ ಕೊಟ್ಟಿದ್ದರು. ಅಲ್ಲಿ ಇಡೀ ಪಿಡಿಎಫ್ ಇತ್ತು. ನನಗೆ ಒಂದು ಕ್ಷಣ ನಂಬಿಕೆ ಬರಲಿಲ್ಲ. ಬೇರೆ ಯಾರಾದರೂ ಇದೇ ಥರ ಬರೆದಿರಬಹುದಾ ಅಂತ ಕೂಡ ಅನ್ನಿಸಿತು. ಆಮೇಲೆ 11ನೇ ಚಿತ್ರ ಬಂತು. ಆ ತೇರಿನ ಹಾದಿಯಲ್ಲಿ ನಾನು ಒಂದು ತಪ್ಪು ಮಾಡಿದ್ದೆ. 37 ಅನ್ನುವ ಅಂಕಿಯನ್ನು ಎರಡು ಸಲ ಬರೆದಿದ್ದೆ. ಪುಸ್ತಕ ಕೊಂಡವರು ಎಷ್ಟೋ ಜನ ಫೋನ್ ಮಾಡಿ ಕೇಳಿದ್ದರು. ವಿಡಿಯೊದಲ್ಲೂ 37, ಪಕ್ಕದಲ್ಲಿ ಮತ್ತೊಂದು 37. ನನ್ನ ಕೈಬರಹದ್ದೇ.

ಆ ರಾತ್ರಿ ನಿದ್ದೆ ಬರಲಿಲ್ಲ. ಅತ್ತುಬಿಟ್ಟೆ.

ಮರುದಿನ ಬೆಳಗ್ಗೆ ನಾನು ಮಾಡಿದ ಮೊದಲ ತಪ್ಪು, ಆ ವಿಡಿಯೊದ ಕೆಳಗೆ ಸಿಟ್ಟಿನಿಂದ ಬರೆದದ್ದು. ಸಂಜೆಯೊಳಗೆ ನನ್ನ ಮಾತನ್ನು ಅಳಿಸಿ ನನ್ನನ್ನು ಬ್ಲಾಕ್ ಮಾಡಿದರು. ದಯವಿಟ್ಟು ಹಾಗೆ ಮಾಡಬೇಡಿ. ಮೊದಲು ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಲಿಂಕ್ ಪೂರ್ತಿ ಕಾಣಬೇಕು, ತಾರೀಕು ಕಾಣಬೇಕು, ಚಾನೆಲ್ ಹೆಸರು ಕಾಣಬೇಕು. ಫೋನ್‌ಗಿಂತ ಕಂಪ್ಯೂಟರ್‌ನಲ್ಲಿ ತೆಗೆದರೆ ಒಳ್ಳೆಯದು. ಮುಂದೆ ಕೋರ್ಟಿಗೆ ಹೋಗಬೇಕಾದರೆ ಇಂಥ ಪುರಾವೆಗೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಕಾರ ಒಂದು ಪ್ರಮಾಣಪತ್ರ ಜೊತೆಗಿರಬೇಕು. ಹಾಗಾಗಿ ಯಾವ ಸಾಧನದಲ್ಲಿ, ಯಾವತ್ತು, ಯಾರು ತೆಗೆದರು ಅಂತ ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ. ಮೂಲ ಫೈಲ್ ಅಳಿಸಬೇಡಿ.

ಅದೇ ವಾರ ಇನ್ನೊಂದು ಏಟು. ಒಂದು ಮದುವೆ ಮನೆಯಿಂದ 30 ಬ್ಲೌಸ್‌ಗೆ ಮಾತಾಗಿತ್ತು. ಅವರು ಫೋನ್ ಮಾಡಿ ಬೇಡ ಅಂದರು. ಕಂಪ್ಯೂಟರ್ ಎಂಬ್ರಾಯ್ಡರಿ ಅಂಗಡಿಯಲ್ಲಿ ಅದೇ ಡಿಸೈನ್ ಒಂದಕ್ಕೆ 250 ರೂಪಾಯಿಗೆ ಹಾಕಿಕೊಡುತ್ತಾರಂತೆ. ನಾವು ಕೈಯಲ್ಲಿ ಹಾಕುವ ಬ್ಲೌಸ್‌ಗೆ ದಾರ ಸೇರಿ 2,400 ಹೇಳಿದ್ದೆ. ಒಂದು ಬ್ಲೌಸ್‌ಗೆ ಒಬ್ಬರಿಗೆ ಹತ್ತು ಹನ್ನೆರಡು ದಿನ ಬೇಕು. ಆ ಅಂಗಡಿಗೆ ಹೋದೆ. ಗದ್ದಲದ ಯಂತ್ರದ ಮೇಲೆ ನನ್ನ ತೇರು ಏಳುತ್ತಿತ್ತು. ಕಳಸದ ಎಡಕ್ಕೆ ನಾಲ್ಕು ಮನೆಯ (ಅಂದರೆ ಚೌಕಳಿ ಹಾಳೆಯ ನಾಲ್ಕು ಚೌಕದ) ಪತಾಕೆ, ಬಲಕ್ಕೆ ಐದು ಮನೆಯದು. ಗಾಳಿ ಒಂದು ಕಡೆ ಬೀಸಿದ ಹಾಗೆ ಕಾಣಲಿ ಅಂತ ನಾನೇ ಹಾಗೆ ಇಟ್ಟದ್ದು.

ಅಂಗಡಿಯವರು ಒಳ್ಳೆಯ ಮನುಷ್ಯರು. ಕೂರಿಸಿ ಚಹಾ ತರಿಸಿದರು. "ಫೈಲ್ ಪುಕ್ಕಟೆ ಸಿಕ್ಕೈತ್ರಿ ಅಕ್ಕಾರ. ನಿಮ್ಮದಂತ ನಮಗೇನ ಗೊತ್ರಿ? ಗಿರಾಕಿ ಫೋನ್ ತೋರಿಸಿ ಇದ ಬೇಕಂದ್ರು, ಹಾಕಿ ಕೊಟ್ವಿ." ಯಾರೋ ನನ್ನ ಪಿಡಿಎಫ್ ನೋಡಿ ಯಂತ್ರದ ಫೈಲ್ ಮಾಡಿ, ಅದನ್ನೂ ಗುಂಪಿನಲ್ಲಿ ಹಾಕಿದ್ದರು. ಅವರು ಹಾಕಿದ ಬ್ಲೌಸ್ ಬಟ್ಟೆ ತಿರುವಿ ನೋಡಿದೆ. ಹಿಂದೆ ಬಿಳಿ ಬಾಬಿನ್ ದಾರ, ಅದರ ಮೇಲೆ ಬಿಗಿಯಾದ ಕಾಗದದ ಪದರ. ಮುಟ್ಟಿದರೆ ಗಟ್ಟಿ. ಕೊಂಡವರು ಅದನ್ನೂ ಕಸೂತಿ ಅಂತಲೇ ಕರೆಯುತ್ತಾರೆ.

ನನಗಿಂತ ಜಾಸ್ತಿ ಪೆಟ್ಟು ಬಿದ್ದದ್ದು ನನ್ನ ಜೊತೆ ಹೊಲಿಯುವವರಿಗೆ. ಪುಸ್ತಕ ಮಾರಾಟವಾಗದಿದ್ದರೆ ನನಗೆ ಕ್ಲಾಸ್ ಇದೆ. ಅವರಿಗೆ ಸೂಜಿ ಒಂದೇ. ನಮ್ಮ ಓಣಿಯ ಕಾಕು ಒಬ್ಬರು ಬಂದು ಬಾಗಿಲಲ್ಲೇ ನಿಂತು ಕೇಳಿದರು. "ದೀಪಾವಳಿಗೆ ಕೆಲಸ ಐತೋ ಇಲ್ಲೋ ಹೇಳವಾ. ಇಲ್ಲಾಂದ್ರ ನಾ ರೊಟ್ಟಿ ಕೇಂದ್ರಕ್ಕ ಹೋಗ್ತೀನಿ." ಅವರಿಗೆ 61 ವರ್ಷ. ಚಂದ್ರಕಾಳಿ ಸೀರೆಯ ಕಪ್ಪು ಬಟ್ಟೆಯ ಮೇಲೆ ರಾತ್ರಿ ದೀಪದಲ್ಲಿ ಎಳೆ ಎಣಿಸುವ ಕಣ್ಣು ಅವರದು. ನನ್ನ ಹತ್ತಿರ ಉತ್ತರ ಇರಲಿಲ್ಲ. ಅವರು ಹೋದರು. ಅಕ್ಟೋಬರ್‌ನಿಂದ ಬೆಳಗ್ಗೆ ಐದಕ್ಕೆ ಎದ್ದು ರೊಟ್ಟಿ ಬಡಿಯಲು ಹೋಗುತ್ತಾರೆ.

ದೂರು ಕೊಡುವ ಕೆಲಸಕ್ಕೆ ಬರುತ್ತೇನೆ. ನೋಂದಣಿ ಇಲ್ಲದಿದ್ದರೆ ದೂರು ಕೊಡಲು ಬರುವುದಿಲ್ಲ ಅಂತ ನಾನು ಸುಮ್ನೆ ಮೂರು ವಾರ ಕಳೆದೆ. ಅದು ತಪ್ಪು ತಿಳಿವಳಿಕೆ. ನಮ್ಮ ದೇಶದಲ್ಲಿ ನೀವು ಬರೆದ ಕ್ಷಣದಿಂದಲೇ ಕಾಪಿರೈಟ್ ನಿಮ್ಮದು. ನೋಂದಣಿ ಕಡ್ಡಾಯ ಅಲ್ಲ, ಅದು ಪುರಾವೆಗೆ. ವಿಡಿಯೊ ತಾಣಗಳಲ್ಲಿ ಕಾಪಿರೈಟ್ ದೂರಿಗೆ ಬೇರೆಯೇ ಫಾರ್ಮ್ ಇರುತ್ತದೆ. ಸಾಮಾನ್ಯ 'ರಿಪೋರ್ಟ್' ಬಟನ್ ಒತ್ತಿದರೆ ಅಲ್ಲಿಗೆ ಹೋಗುವುದಿಲ್ಲ. ನಾನು ಆ ಬಟನ್ ಎಷ್ಟು ಸಲ ಒತ್ತಿದ್ದೆನೋ ಲೆಕ್ಕವಿಲ್ಲ. ಫಾರ್ಮ್‌ನಲ್ಲಿ ನಿಮ್ಮ ಹೆಸರು, ವಿಳಾಸ, ನಿಮ್ಮ ಮೂಲ ಕೃತಿ ಯಾವುದು, ಅವರ ಲಿಂಕ್ ಯಾವುದು, ವಿಡಿಯೊದ ಎಷ್ಟನೇ ನಿಮಿಷದಲ್ಲಿ ನಿಮ್ಮ ಯಾವ ಪುಟ ಇದೆ ಅಂತ ಬರೆಯಬೇಕು. ನಾನು 37ರ ವಿಷಯವನ್ನೂ ಬರೆದೆ.

ಮೆಸೇಜ್ ಆಪ್‌ಗೆ ಇಮೇಲ್ ಬರೆದೆ. ಇಲ್ಲಿ ಎರಡು ನಿಯಮ ನೆನಪಿಟ್ಟುಕೊಳ್ಳಿ. 2021ರ ಐಟಿ ನಿಯಮಗಳ ಪ್ರಕಾರ ಇಂಥ ಕಂಪನಿಗಳಿಗೆ ದೂರು ಅಧಿಕಾರಿ ಇರಲೇಬೇಕು. ಅವರು 24 ಗಂಟೆಯೊಳಗೆ ದೂರು ಬಂದಿದೆ ಅಂತ ತಿಳಿಸಬೇಕು, ನಿಗದಿತ ಗಡುವಿನೊಳಗೆ ಅದನ್ನು ಬಗೆಹರಿಸಬೇಕು (ಮೊದಲು 15 ದಿನ ಇತ್ತು, 2026ರ ಫೆಬ್ರವರಿಯಿಂದ 7 ದಿನ). ಇನ್ನೊಂದು 2013ರ ಕಾಪಿರೈಟ್ ನಿಯಮಗಳ 75ನೇ ನಿಯಮ. ಸರಿಯಾದ ದೂರು ಲಿಖಿತವಾಗಿ ಹೋದರೆ 36 ಗಂಟೆಯೊಳಗೆ ಆ ಕೃತಿ ಸಿಗದ ಹಾಗೆ ಮಾಡಬೇಕು. ಆದರೆ ಅದು 21 ದಿನಕ್ಕೆ ಮಾತ್ರ. ಅಷ್ಟರೊಳಗೆ ನಾವು ಕೋರ್ಟ್ ಆದೇಶ ತರದಿದ್ದರೆ ಅವರು ಮತ್ತೆ ತೆರೆಯಬಹುದು. ನನ್ನ ಮೊದಲ ಇಮೇಲ್‌ನಲ್ಲಿ ಈ ನಿಯಮದ ಹೆಸರೇ ಇರಲಿಲ್ಲ, ಉತ್ತರವೂ ಬರಲಿಲ್ಲ. ಎರಡನೆಯದರಲ್ಲಿ ನಿಯಮದ ಸಂಖ್ಯೆ ಹಾಕಿ, ಪುಟಗಳನ್ನು ಅಕ್ಕಪಕ್ಕ ಇಟ್ಟು ಕಳಿಸಿದೆ. ನಾಲ್ಕನೇ ದಿನ ಚಾನೆಲ್ ಮುಚ್ಚಿತು. ಎರಡು ವಾರದಲ್ಲಿ ಅದೇ ಹೆಸರಿಗೆ '2' ಸೇರಿಸಿಕೊಂಡು ಇನ್ನೊಂದು ಚಾನೆಲ್ ಎದ್ದಿತು. ಅದಕ್ಕೂ ದೂರು ಕೊಟ್ಟೆ. ಅದು ಇವತ್ತಿಗೂ ಇದೆ.

ವಿಡಿಯೊ ಮಾತ್ರ ಒಂದು ವಾರದೊಳಗೆ ಇಳಿಯಿತು. ಮನೆಯಲ್ಲಿ ಶಾವಿಗೆ ಪಾಯಸ ಮಾಡಿದೆ. ಆ ಖುಷಿ ಐದು ದಿನ ಇತ್ತು.

ಆರನೇ ದಿನ ಪ್ರತಿದೂರು ಬಂತು. ವಿಡಿಯೊ ಹಾಕಿದವರು ತಾಣಕ್ಕೆ ಬರೆದಿದ್ದರು: 'ಇವು ಸಾಂಪ್ರದಾಯಿಕ ಕಸೂತಿ ಚಿತ್ರಗಳು. ನೂರಾರು ವರ್ಷಗಳಿಂದ ಇವೆ. ಯಾರ ಸ್ವತ್ತೂ ಅಲ್ಲ.' ಹತ್ತು ಕೆಲಸದ ದಿನಗಳೊಳಗೆ ನಾನು ಕೋರ್ಟಿಗೆ ಹೋದದ್ದಕ್ಕೆ ದಾಖಲೆ ತೋರಿಸದಿದ್ದರೆ ವಿಡಿಯೊ ವಾಪಸ್ ಬರುತ್ತದೆ ಅಂತ ತಾಣದವರು ತಿಳಿಸಿದರು. ಕೋರ್ಟ್ ಅನ್ನುವ ಪದಕ್ಕಿಂತ ಆ ಮೊದಲಿನ ಮಾತು ನನ್ನನ್ನು ಜಾಸ್ತಿ ಅಲುಗಾಡಿಸಿತು. ಯಾಕೆಂದರೆ ಅದರಲ್ಲಿ ಅರ್ಧ ನಿಜ ಇತ್ತು. ತೇರು ನಾನು ಹುಟ್ಟಿಸಿದ್ದಲ್ಲ. ತುಳಸಿ ಕಟ್ಟೆ ಅತ್ತೆಯ ಅತ್ತೆಯ ಸೀರೆಯ ಮೇಲೂ ಇತ್ತು. ಹಾಗಾದರೆ ನಾನು ಯಾವ ಬಾಯಲ್ಲಿ ನನ್ನದು ಅನ್ನಲಿ?

ಒಬ್ಬ ವಕೀಲೆಯನ್ನು ಕಂಡೆ. ಮೊದಲ ಭೇಟಿಗೆ 1,500 ರೂಪಾಯಿ. ಇಲ್ಲಿ ನಿಲ್ಲಿಸಿ ಒಂದು ಮಾತು ಹೇಳಲೇಬೇಕು. ಹೆಣ್ಣುಮಕ್ಕಳಿಗೆ ಆದಾಯ ಎಷ್ಟಿದ್ದರೂ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಉಚಿತವಾಗಿ ವಕೀಲರ ನೆರವು ಸಿಗುತ್ತದೆ. 1987ರ ಕಾಯ್ದೆಯಲ್ಲೇ ಅದು ಇದೆ. 15100 ಸಂಖ್ಯೆಗೆ ಫೋನ್ ಮಾಡಿ ಕೇಳಬಹುದು. ನನಗೆ ಇದು ಗೊತ್ತಾದದ್ದು ಡಿಸೆಂಬರ್‌ನಲ್ಲಿ. ನೀವು ಮೊದಲ ದಿನವೇ ಅಲ್ಲಿಗೆ ಹೋಗಿ.

ಆ ವಕೀಲೆ ನನ್ನ ಪುಸ್ತಕವನ್ನು ಅರ್ಧ ಗಂಟೆ ತಿರುವಿ ಹಾಕಿದರು. ಆಮೇಲೆ ಒಂದೇ ಮಾತು. "ತೇರು ಊರಿಂದ್ರೀ. ಆದ್ರ ಈ ಪುಟ ನಿಮ್ಮದು." ನನ್ನ ತಲೆಯಲ್ಲಿದ್ದ ಸಿಕ್ಕು ಅಲ್ಲೇ ಬಿಚ್ಚಿತು. ಚಿತ್ರದ ಕಲ್ಪನೆ ಎಲ್ಲರದು. ಅದನ್ನು ನಾನು ಬರೆದ ರೀತಿ, ಅಂಕಿಯ ಹಾದಿ, ಕನ್ನಡದಲ್ಲಿ ಬರೆದ ವಿವರಣೆ, ಫೋಟೊ, ಇವನ್ನೆಲ್ಲ ಜೋಡಿಸಿದ ಕ್ರಮ ನನ್ನದು. ಯಾರಾದರೂ ಹಳೆಯ ಸೀರೆ ನೋಡಿ ತಾವೇ ಎಣಿಸಿ ತೇರು ಬರೆದರೆ ನಾನು ಕೇಳುವ ಹಾಗಿಲ್ಲ. ಕೇಳಲೂ ಬಾರದು ಅಂತ ನನ್ನ ಮನಸ್ಸಿಗೂ ಅನ್ನಿಸುತ್ತದೆ.

ಜಿಐ, ಅಂದರೆ ಒಂದು ಪ್ರದೇಶದ ವಿಶೇಷ ಉತ್ಪನ್ನಕ್ಕೆ ಕೊಡುವ ಭೌಗೋಳಿಕ ಗುರುತು, ಅದರ ಬಗ್ಗೆಯೂ ಕೇಳಿದೆ. ಕಸೂತಿಗೆ ಜಿಐ ಮಾನ್ಯತೆ ಇದೆ, ಅದು ಕರ್ನಾಟಕ ರಾಜ್ಯ ಕರಕುಶಲ ಅಭಿವೃದ್ಧಿ ನಿಗಮದ ಹೆಸರಲ್ಲಿದೆ. ಅದು ಕಾಯುವುದು 'ಕಸೂತಿ' ಅನ್ನುವ ಹೆಸರನ್ನು, ಒಬ್ಬೊಬ್ಬರು ಬರೆದ ಚಿತ್ರವನ್ನಲ್ಲ. ಯಂತ್ರದ ಕೆಲಸವನ್ನು ಕಸೂತಿ ಅಂತ ಮಾರುವುದರ ವಿರುದ್ಧ ಅದು ಉಪಯೋಗಕ್ಕೆ ಬರಬಹುದು. ಅದಕ್ಕೆ ನಾವೂ ಅಧಿಕೃತ ಬಳಕೆದಾರರಾಗಿ ಹೆಸರು ನೋಂದಾಯಿಸಿಕೊಳ್ಳಬೇಕು. ಅದನ್ನು ಇನ್ನೂ ಮಾಡಿಲ್ಲ, ಮಾಡುವುದಿದೆ.

ಆ ರಾತ್ರಿ ಪುಸ್ತಕದ ಒಂದೊಂದು ಪುಟಕ್ಕೂ ಗುರುತು ಹಾಕುತ್ತಾ ಕೂತೆ. ಒಂಬತ್ತು ಚಿತ್ರ ಅತ್ತೆಯ ಸೀರೆಯಲ್ಲಿ ಇದ್ದಂತೆಯೇ ಎತ್ತಿದ್ದು. ಹದಿನೈದು ನಾನು ಕೂಡಿಸಿ ಕಟ್ಟಿದ್ದು. ಹಾದಿಯ ಅಂಕಿ, ವಿವರಣೆ 24ಕ್ಕೂ ನನ್ನದೇ. ಆ ಒಂಬತ್ತರ ಆಕಾರ ನನ್ನದು ಅಂತ ಎಲ್ಲೂ ಬರೆಯಬಾರದು ಅಂತ ತೀರ್ಮಾನ ಮಾಡಿದೆ. ಹಾಗೆ ಬರೆದಿದ್ದರೆ ಅತ್ತೆಯದನ್ನು ನಾನು ಕದ್ದ ಹಾಗೆ ಆಗುತ್ತಿತ್ತು.

ಪ್ರತಿದೂರು ಕೊಟ್ಟವರ ಹೆಸರು, ಇಮೇಲ್ ನಮಗೆ ಬರುತ್ತದೆ. ಹತ್ತು ದಿನದ ಗಡುವಿನಲ್ಲಿ ಆರನೇ ದಿನ ನಾನು ಅವರಿಗೆ ಬರೆದೆ, ಫೋನ್‌ನಲ್ಲಿ ಮಾತಾಡಬಹುದಾ ಅಂತ. ಅವರೇ ಫೋನ್ ಮಾಡಿದರು. ದಕ್ಷಿಣದ ಕಡೆಯ ಹುಡುಗಿ, ಓದು ಈಗಷ್ಟೇ ಮುಗಿಸಿದ್ದಳು. "ಮೇಡಂ, ನಾನು ಮಾರ್ತಾ ಇಲ್ವಲ್ಲ. ಫ್ರೀಯಾಗಿ ಕೊಡ್ತಾ ಇದೀನಿ. ದುಡ್ಡಿಲ್ಲದವರೂ ಕಲೀಲಿ, ಕಲೆ ಉಳೀಲಿ ಅಂತ." ಸುಳ್ಳು ಹೇಳುತ್ತಿದ್ದಾಳೆ ಅಂತ ನನಗೆ ಅನ್ನಿಸಲಿಲ್ಲ. ಪಿಡಿಎಫ್ ಅವಳಿಗೂ ಯಾವುದೋ ಗುಂಪಿನಿಂದ ಬಂದದ್ದು, ಹೆಸರಿಲ್ಲದೆ. ನಾನು ಅವಳಿಗೆ 37ರ ಕಥೆ ಹೇಳಿದೆ. ರೊಟ್ಟಿ ಬಡಿಯಲು ಹೋಗುವ ಕಾಕುವಿನ ಕಥೆ ಹೇಳಿದೆ. "ಕಲೆ ಉಳಿಯೋದು ಹಾಕೋ ಕೈ ಉಳಿದರೆ ಅಲ್ವಾ ಪುಟ್ಟಿ" ಅಂದೆ. ಅವಳು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ನನಗೆ ಗೊತ್ತಿರಲಿಲ್ಲ ಮೇಡಂ" ಅಂದಳು. ಮರುದಿನ ಪ್ರತಿದೂರು ವಾಪಸ್ ತೆಗೆದುಕೊಂಡಳು. ನಾನು ಅವಳಿಗೆ ನಾಲ್ಕು ಪುಟ ಕಳಿಸಿದೆ, ನನ್ನ ಹೆಸರಿನ ಜೊತೆ ಎಷ್ಟು ಜನಕ್ಕೆ ಬೇಕಾದರೂ ಹಂಚು ಅಂತ. ನಾಲ್ಕೂ ಅತ್ತೆಯ ಚಿತ್ರಗಳು. ಕೆಳಗೆ ಅತ್ತೆಯ ಹೆಸರು ಮೊದಲು, ನನ್ನದು ಆಮೇಲೆ.

ಎಲ್ಲರಿಗೂ ಇಂಥವರೇ ಸಿಗುತ್ತಾರೆ ಅಂತ ನಾನು ಹೇಳುವುದಿಲ್ಲ. ಕೋರ್ಟಿಗೇ ಹೋಗಬೇಕಾದರೆ, ಹಾಕಿದವರ ಊರಿಗೆ ಓಡಬೇಕಾಗಿಲ್ಲ. ಕಾಪಿರೈಟ್ ಕಾಯ್ದೆಯ 62ನೇ ಕಲಮಿನ ಪ್ರಕಾರ ನೀವು ವಾಸ ಇರುವ ಜಿಲ್ಲೆಯ ನ್ಯಾಯಾಲಯದಲ್ಲೇ ದಾವೆ ಹಾಕಬಹುದು.

ಇನ್ನು ನೋಂದಣಿ. ಅಕ್ಟೋಬರ್ ಕೊನೆಗೆ ಕಾಪಿರೈಟ್ ಕಚೇರಿಯ ವೆಬ್‌ಸೈಟ್‌ನಲ್ಲಿ ಖಾತೆ ತೆರೆದು ಫಾರ್ಮ್ 14 ತುಂಬಿದೆ. ಎಲ್ಲ ಇಂಗ್ಲಿಷ್‌ನಲ್ಲಿದೆ. ಸೈಬರ್ ಸೆಂಟರ್‌ನಲ್ಲಿ ಕೂತು ತುಂಬಿಸಿದೆ, ಅವರಿಗೆ 350 ಕೊಟ್ಟೆ. ಇಲ್ಲಿ ಒಂದು ಆಯ್ಕೆ ಬಹಳ ಮುಖ್ಯ. 'ಕಲಾಕೃತಿ' ಅಂತ ಆರಿಸಿ, ಅದು ವಸ್ತುಗಳ ಮೇಲೆ ಬಳಸುವಂಥದ್ದು ಅಂತ ಗುರುತು ಹಾಕಿದರೆ ಶುಲ್ಕ 2,000 ಆಗುತ್ತದೆ. ಜೊತೆಗೆ ಟ್ರೇಡ್‌ಮಾರ್ಕ್ ಕಚೇರಿಯಿಂದ ಹುಡುಕಾಟದ ಪ್ರಮಾಣಪತ್ರ ಬೇಕು, ಅದರ ಖರ್ಚು ಬೇರೆ, ಸಣ್ಣದಲ್ಲ. ವಕೀಲೆಯ ಸಲಹೆಯಂತೆ ನಾನು ಇಡೀ ಪುಸ್ತಕವನ್ನು, ವಿವರಣೆ ಮತ್ತು ಹಾದಿಚಿತ್ರ ಸೇರಿದ ಒಂದು ಸಾಹಿತ್ಯ ಕೃತಿ ಅಂತ ಹಾಕಿದೆ. ಶುಲ್ಕ 500. ಒಂದೊಂದು ಚಿತ್ರಕ್ಕೂ ಬೇರೆ ಬೇರೆ ಅರ್ಜಿ ಹಾಕಿದ್ದರೆ 24 ಸಲ 500 ಕಟ್ಟಬೇಕಿತ್ತು.

ಹಣ ಕಟ್ಟಿದ ಮೇಲೆ ಒಂದು ಡೈರಿ ನಂಬರ್, ಅಂದರೆ ನಮ್ಮ ಅರ್ಜಿಯ ಗುರುತಿನ ಸಂಖ್ಯೆ, ಬರುತ್ತದೆ. ಅದನ್ನು ಎರಡು ಕಡೆ ಬರೆದಿಡಿ. ಅಲ್ಲಿಂದ 30 ದಿನ ಕಡ್ಡಾಯವಾಗಿ ಕಾಯಬೇಕು, ಯಾರದಾದರೂ ಆಕ್ಷೇಪ ಇದ್ದರೆ ಬರಲಿ ಅಂತ. ಆ 30 ದಿನ ನಾನು ದಿನಾ ಬೆಳಗ್ಗೆ ಇಮೇಲ್ ನೋಡುತ್ತಿದ್ದೆ. ಯಾರೂ ಆಕ್ಷೇಪ ಹಾಕಲಿಲ್ಲ. ಆದರೆ 30 ದಿನ ಆದ ಕೂಡಲೇ ಪತ್ರ ಬರುತ್ತದೆ ಅಂತಲ್ಲ. ಆಮೇಲೆ ಪರಿಶೀಲನೆಯ ಸರದಿ. ನವೆಂಬರ್ ಹೋಯಿತು, ಡಿಸೆಂಬರ್ ಹೋಯಿತು.

ಸಂಕ್ರಾಂತಿಯ ಮರುದಿನ ತಿದ್ದುಪಡಿ ಕೇಳಿ ಪತ್ರ ಬಂತು. ಎರಡು ತಕರಾರು. ಒಂದು, ಪುಸ್ತಕದಲ್ಲಿದ್ದ ಹನ್ನೊಂದು ಫೋಟೊ ತೆಗೆದವರು ಯಾರು? ತೆಗೆದದ್ದು ನನ್ನ ಅಕ್ಕನ ಮಗ. ನಾನು ದುಡ್ಡು ಕೊಟ್ಟು ತೆಗೆಸಿದ್ದೂ ಅಲ್ಲ, ಪ್ರೀತಿಗೆ ತೆಗೆದುಕೊಟ್ಟಿದ್ದ. ಹಾಗಾಗಿ ಆ ಫೋಟೊಗಳ ಹಕ್ಕು ಅವನದು! ಅವನಿಂದ ಒಪ್ಪಿಗೆ ಪತ್ರ ಬೇಕಾಯಿತು. ಅವನು ಪುಣೆಯಲ್ಲಿದ್ದಾನೆ. ಛಾಪಾ ಕಾಗದ, ನೋಟರಿ ಸೇರಿ 200, ಅಂಚೆಗೆ 120, ಹತ್ತು ದಿನ. ನಿಮ್ಮ ಕೆಲಸದ ಫೋಟೊ ಮನೆಯವರೇ ತೆಗೆದಿದ್ದರೂ ಅವತ್ತೇ ಒಂದು ಹಾಳೆಯಲ್ಲಿ ಬರೆಸಿ ಸಹಿ ಹಾಕಿಸಿಕೊಳ್ಳಿ.

ಎರಡನೆಯ ತಕರಾರು, ಪುಸ್ತಕ ಮೊದಲು ಪ್ರಕಟವಾದ ತಾರೀಕು. ನಾನು ಅಂದಾಜಿನ ಮೇಲೆ ವರ್ಷ ಮಾತ್ರ ಬರೆದಿದ್ದೆ. ಅಚ್ಚಿನ ಪುಸ್ತಕ ಆದರೆ ಮುದ್ರಣದ ಬಿಲ್ ಇರುತ್ತಿತ್ತು. ನನ್ನದು ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ ಪಿಡಿಎಫ್. ಎರಡು ದಿನ ಹಳೆಯ ಬ್ಯಾಂಕ್ ಲೆಕ್ಕ ಹುಡುಕಿದೆ. ಕೊನೆಗೆ ಸಿಕ್ಕಿತು, ಮೊದಲ 299 ರೂಪಾಯಿ. ಕಳಿಸಿದವರು ಗದಗಿನ ಒಬ್ಬ ನಿವೃತ್ತ ಶಿಕ್ಷಕಿ, 'ಕಸೂತಿ ಪುಸ್ತಕಕ್ಕೆ, ಶುಭವಾಗಲಿ' ಅಂತ ಬರೆದು ಕಳಿಸಿದ್ದರು. ಆ ಸಾಲನ್ನು ಓದಿ ಕಣ್ಣು ತುಂಬಿ ಬಂತು. ಅದೇ ತಾರೀಕು ಹಾಕಿ, ಆ ಬ್ಯಾಂಕ್ ಪುಟವನ್ನೂ ಜೋಡಿಸಿದೆ. ಉತ್ತರಕ್ಕೆ 30 ದಿನ ಕೊಟ್ಟಿದ್ದರು, 22ನೇ ದಿನ ಕಳಿಸಿದೆ.

ಪುಸ್ತಕದ ಎರಡು ಬಣ್ಣದ ಪ್ರತಿ ಮುದ್ರಿಸಿ ಕಟ್ಟಿಸಿದ್ದಕ್ಕೆ 640. ಎಲ್ಲ ಸೇರಿ ನನಗೆ ಬಂದ ಖರ್ಚು 3,310 ರೂಪಾಯಿ. ಸೂಜಿ ಕೆಳಗಿಟ್ಟು ಓಡಾಡಿದ ದಿನಗಳನ್ನು ಲೆಕ್ಕ ಹಾಕಿದರೆ ಸುಮಾರು ಮೂರು ಬ್ಲೌಸ್.

ಈಗ ನೀವು ಕೇಳಬಹುದು, ಪುಕ್ಕಟೆ ಕೊಡುವುದೇ ತಪ್ಪಾ ಅಂತ. ನಾನೇ ನಲವತ್ತಕ್ಕೂ ಜಾಸ್ತಿ ವಿಡಿಯೊ ಪುಕ್ಕಟೆ ಹಾಕಿದ್ದೇನೆ. ಎಳೆ ಎಣಿಸುವುದು, ಗಂಟಿಲ್ಲದೆ ದಾರ ಶುರು ಮಾಡುವುದು, ಮೆಂತೆ ಹೊಲಿಗೆ. ಅವನ್ನು ನೋಡಿಯೇ ಎಷ್ಟೋ ಜನ ಕ್ಲಾಸಿಗೆ ಬಂದರು. ನಾನು ಬಣ್ಣದ ಬಗ್ಗೆ, ಫೋಟೊ ತೆಗೆಯುವ ಬಗ್ಗೆ ಕಲಿತದ್ದೂ ಬೇರೆಯವರು ಪುಕ್ಕಟೆ ಹಾಕಿದ ವಿಡಿಯೊಗಳಿಂದಲೇ. ಅವರ ಋಣ ನನ್ನ ಮೇಲಿದೆ. ಅವು ಅವರು ತಾವಾಗಿ ಕೊಟ್ಟದ್ದು. ನನ್ನ ಪುಸ್ತಕವನ್ನು ನಾನು ಕೊಡಲಿಲ್ಲ. ಎರಡಕ್ಕೂ ನಾವು 'ಫ್ರೀ' ಅನ್ನುವ ಒಂದೇ ಪದ ಬಳಸುತ್ತೇವೆ, ಅದಕ್ಕೇ ಗೊಂದಲ.

ಒಂದು ಸಂಗತಿ ಮಾತ್ರ ನನಗೆ ಭಯ ಹುಟ್ಟಿಸಿದೆ. ಪುಕ್ಕಟೆ ಸಿಗುವುದು ಜಾಸ್ತಿ ಆದಷ್ಟೂ ಗಿರಾಕಿಯ ಮನಸ್ಸಿನಲ್ಲಿ ದರ ಇಳಿಯುತ್ತದೆ. ಡಿಸೈನ್‌ಗೆ ದುಡ್ಡಿಲ್ಲ ಅಂದ ಮೇಲೆ ಹೊಲಿಗೆಗೆ ಯಾಕೆ ಇಷ್ಟು ಅಂತ ಕೇಳುತ್ತಾರೆ. ಕ್ಲಾಸಿಗೆ ಒಂದು ಕಾಲಕ್ಕೆ 14 ಜನ ಇದ್ದರು, ಈಗ ಐದು ಜನ. "ಫೋನಿನ್ಯಾಗ ಎಲ್ಲಾ ಐತಲ್ರೀ" ಅನ್ನುತ್ತಾರೆ. ಫೋನ್ ನೋಡಿ ಹಾಕಿಕೊಂಡು ಬಂದವರ ಬಟ್ಟೆಯನ್ನು ನಾನು ತಿರುವಿ ನೋಡುತ್ತೇನೆ. ಹಿಂದೆ ಗಂಟು ಇರುತ್ತದೆ. ಅದು ಯಾಕೆ ಆಯಿತು ಅಂತ ಪಕ್ಕದಲ್ಲಿ ಕೂತು ತೋರಿಸಲು ಒಂದು ಜೀವ ಬೇಕಲ್ಲವಾ?

ಕಂಪ್ಯೂಟರ್ ಎಂಬ್ರಾಯ್ಡರಿ ಅಂಗಡಿಯವರು ನನ್ನ ತೇರಿನ ಫೈಲ್ ಅಳಿಸಿದರು, ನನ್ನ ಕಣ್ಣೆದುರಿಗೇ. ಬೇರೆ ಎಷ್ಟು ಅಂಗಡಿಗಳಲ್ಲಿ ಅದು ಇದೆಯೋ, ಅದನ್ನು ವಾಪಸ್ ತರಲು ಯಾವ ಪತ್ರದಿಂದಲೂ ಆಗುವುದಿಲ್ಲ. ಬಟ್ಟೆಯ ಮೇಲಿನ ವಿನ್ಯಾಸಕ್ಕೆ ಬೇರೆ ಕಾಯ್ದೆಯೇ ಇದೆ, 2000ದ ಡಿಸೈನ್ಸ್ ಕಾಯ್ದೆ. ಅದರಲ್ಲಿ ನೋಂದಾಯಿಸಿದರೆ ಮೊದಲು ಹತ್ತು ವರ್ಷ, ಬೇಕಾದರೆ ಇನ್ನೈದು ವರ್ಷ ರಕ್ಷಣೆ ಸಿಗುತ್ತದೆ. ವ್ಯಕ್ತಿಗಳಿಗೆ ಅರ್ಜಿ ಶುಲ್ಕ 1,000. ಆದರೆ ಆ ವಿನ್ಯಾಸ ಹೊಸದಿರಬೇಕು, ಮೊದಲೇ ಎಲ್ಲೂ ಪ್ರಕಟವಾಗಿರಬಾರದು. ನಾನು ತೇರನ್ನು ಹಾಕಿ ಮುಗಿಸಿದ ದಿನವೇ ಫೋಟೊ ತೆಗೆದು ಇನ್‌ಸ್ಟಾಗ್ರಾಂನಲ್ಲಿ ಹಾಕಿದ್ದೆ. ಆ ದಾರಿ ಅವತ್ತೇ ಮುಚ್ಚಿಹೋಗಿತ್ತು. ನಾವೆಲ್ಲರೂ ಇದನ್ನೇ ಮಾಡುತ್ತೇವೆ, ಅಲ್ವಾ? ಕೈ ಬಿಸಿ ಆರುವ ಮೊದಲೇ ಫೋಟೊ ಹಾಕುತ್ತೇವೆ. ಒಂದೇ ಚಿತ್ರಕ್ಕೆ ಎರಡೂ ಕಾಯ್ದೆಯ ರಕ್ಷಣೆ ಸಿಗುವುದಿಲ್ಲ ಅನ್ನುವುದನ್ನೂ ಗಮನಿಸಿ. ಯಾವುದಕ್ಕೆ ಯಾವುದು ಅಂತ ವಕೀಲರನ್ನು ಕೇಳಿಯೇ ನಿರ್ಧರಿಸಿ.

ಈಗ ಎರಡನೇ ಪುಸ್ತಕ ಶುರು ಮಾಡಿದ್ದೇನೆ. ಪ್ರತಿ ಕರಡು ಹಾಳೆಯ ಮೂಲೆಯಲ್ಲಿ ತಾರೀಕು, ಸಹಿ. ಬಿಚ್ಚಿದ, ಹಾಳಾದ ಬಟ್ಟೆಯ ತುಣುಕನ್ನೂ ಎಸೆಯುತ್ತಿಲ್ಲ. ಹಾದಿ ಹೇಗೆ ಹುಟ್ಟಿತು ಅನ್ನುವುದಕ್ಕೆ ಅದೇ ಸಾಕ್ಷಿ. ಒಂದು ಪಲ್ಲಕ್ಕಿ ಕಟ್ಟಿದ್ದೇನೆ, ಎಂಟು ಜನ ಹೊರುವ ಪಲ್ಲಕ್ಕಿ, ಅದರಲ್ಲಿ ಒಬ್ಬಳು ಹೆಣ್ಣುಮಗಳು. ಅದನ್ನು ಗುಳೇದಗುಡ್ಡದ ಖಣದ (ರವಿಕೆ ಬಟ್ಟೆಯ) ಮೇಲೆ ಹಾಕಿ ಮುಗಿಸಿದ್ದು ಮೊನ್ನೆ. ರೊಟ್ಟಿ ಕೇಂದ್ರದಿಂದ ಬಂದ ಕಾಕುಗೆ ಮಾತ್ರ ತೋರಿಸಿದೆ. ಅವರು ತಿರುವಿ ಹಿಂದೆ ನೋಡಿದರು, ಬೆರಳಾಡಿಸಿದರು, ಮಡಚಿ ನನ್ನ ಕೈಗೆ ಕೊಟ್ಟರು. ಫೋಟೊ ಎಲ್ಲೂ ಹಾಕಿಲ್ಲ. ಟ್ರಂಕಿನಲ್ಲಿದೆ. ಸೋಮವಾರ ಕೋಲ್ಕತ್ತಾದ ಡಿಸೈನ್ ಕಚೇರಿಗೆ ಅರ್ಜಿ ಹಾಕುತ್ತೇನೆ.